ಸುರಂಗದೊಳಗೂ ನಡೆಯುವ ಟ್ಯಾಬ್: ಪ್ರಯಾಣಕ್ಕೆಂದು ಕೊಳ್ಳುವ ಮೊದಲು

ಸಕಲೇಶಪುರ ದಾಟಿ ರೈಲು ಘಾಟಿ ಇಳಿಯಲು ಶುರುಮಾಡಿದ ಕೂಡಲೇ ಬೋಗಿ ಎರಡು ಪಾಲಾಗುತ್ತದೆ. ಅರ್ಧ ಜನ ಕಿಟಕಿಗೆ ಮುಖ ಹಚ್ಚುತ್ತಾರೆ. ಉಳಿದವರು ಸ್ಕ್ರೀನಿನ ಮೇಲೆ ಗಿರಗಿರ ಸುತ್ತುವ ಚಕ್ರ ನೋಡುತ್ತ ಕೂರುತ್ತಾರೆ. ಅಲ್ಲಿಂದ ಸುಬ್ರಹ್ಮಣ್ಯ ರೋಡ್ ನಿಲ್ದಾಣಕ್ಕೆ ಸುಮಾರು 55 ಕಿಲೋಮೀಟರ್, ನಡುವೆ 57 ಸುರಂಗ. ರೈಲು ನಿಧಾನ, ಸಿಗ್ನಲ್ ಅಪರೂಪ. ಕಳೆದ ಸಲ ನನ್ನ ಎದುರಿಗಿದ್ದ ಹುಡುಗನ ಕೈಯಲ್ಲಿ ಹೊಸದಾಗಿ ಕೊಂಡ ದುಬಾರಿ ಟ್ಯಾಬ್ ಇತ್ತು, ಅದರಲ್ಲಿ ಅದೇ ಚಕ್ರ. ಪಕ್ಕದ ಸೀಟಿನ ಅಜ್ಜಿಯ ಟ್ಯಾಬಿನ ಮೂಲೆ ಒಡೆದಿತ್ತು, ಕವರಿಗೆ ರಬ್ಬರ್ ಬ್ಯಾಂಡ್ ಸುತ್ತಿತ್ತು. ಆದರೆ ಅದರಲ್ಲಿ ಯಕ್ಷಗಾನ ಸರಾಗವಾಗಿ ನಡೆಯುತ್ತಿತ್ತು. ಮೊಮ್ಮಗಳು ಹಿಂದಿನ ದಿನವೇ ಅದನ್ನು ಟ್ಯಾಬಿಗೆ ಇಳಿಸಿ (ಡೌನ್‌ಲೋಡ್ ಮಾಡಿ) ಕೊಟ್ಟಿದ್ದಳಂತೆ. ಎಡಕುಮೇರಿ ಬರುವ ಹೊತ್ತಿಗೆ ಹುಡುಗ ಅಜ್ಜಿಯ ಪಕ್ಕಕ್ಕೆ ಸರಿದು ಕೂತಿದ್ದ.

ಬೇಸಿಗೆ ರಜೆ ಹತ್ತಿರ ಬಂತೆಂದರೆ ನನ್ನ ಅತ್ತಿಗೆಯ ಫೋನ್ ಬರುತ್ತದೆ. "ಊರಿಗೆ ಹೊರಟಿದೀವಿ ಕಣೋ, ಯಾವ ಟ್ಯಾಬ್ ತಗೊಳ್ಳೋದು ಹೇಳು." ನಾನು ಟ್ಯಾಬಿನ ಹೆಸರು ಹೇಳುವ ಬದಲು "ಎಷ್ಟು ಗಂಟೆ ದಾರಿ ಅತ್ತಿಗೆ? ರೈಲಾ, ಬಸ್ಸಾ?" ಎಂದು ಕೇಳಿದರೆ ಅವರಿಗೆ ಸಿಟ್ಟು. ಆದರೆ ಕೇಳಬೇಕಾದ್ದೇ ಅದು. ಮನೆಯಲ್ಲಿ ವೈಫೈ ಇದೆ, ಪ್ಲಗ್ ಇದೆ, ನೆರಳಿದೆ. ಅಲ್ಲಿ ಯಾವ ಟ್ಯಾಬಾದರೂ ಚೆನ್ನಾಗಿಯೇ ನಡೆಯುತ್ತದೆ. ದಾರಿಯಲ್ಲಿ ಈ ಮೂರೂ ಕೈಕೊಡುತ್ತವೆ. ಪ್ರಯಾಣದ ಟ್ಯಾಬನ್ನು ಆರಿಸಬೇಕಾದ್ದು ಆ ಹೊತ್ತನ್ನು ಲೆಕ್ಕಕ್ಕೆ ಇಟ್ಟುಕೊಂಡು.

ಟ್ಯಾಬ್ ಮಾಡುವ ಕೆಲಸ, ಮಾಡದ ಕೆಲಸ

ಟ್ಯಾಬ್ಲೆಟ್ ಅಂದರೆ ದೊಡ್ಡ ಸ್ಕ್ರೀನಿನ ಫೋನ್ ಎಂದುಕೊಂಡರೆ ಮುಕ್ಕಾಲು ಪಾಲು ಸರಿ. ಒಳಗಿನ ಚಿಪ್, ಆ್ಯಪ್, ಟಚ್ ಎಲ್ಲ ಫೋನಿನದೇ ಜಾತಿ. ಉಳಿದ ಕಾಲು ಪಾಲಿನಲ್ಲೇ ಜನ ಎಡವುವುದು.

ಟ್ಯಾಬ್ ಇದೆಯಲ್ಲ ಎಂದು ಫೋನ್ ಬಿಟ್ಟು ಹೊರಡುವ ಹಾಗಿಲ್ಲ. ಯುಪಿಐ ಆ್ಯಪ್ ಶುರುವಾಗಬೇಕಾದರೆ ಬ್ಯಾಂಕಿಗೆ ಕೊಟ್ಟ ನಂಬರಿನ ಸಿಮ್ ಅದೇ ಸಾಧನದಲ್ಲಿದ್ದು ಅಲ್ಲಿಂದಲೇ ಒಂದು ಎಸ್ಸೆಮ್ಮೆಸ್ ಹೋಗಬೇಕು. ವೈಫೈ ಮಾತ್ರ ಇರುವ ಟ್ಯಾಬಿನಲ್ಲಿ ಅದು ಆಗದು. ಒಟಿಪಿ ಬರುವುದೂ ಫೋನಿಗೇ. ವಾಟ್ಸಾಪ್ ಮಾತ್ರ ಈಗ ಫೋನಿಗೆ ಜೋಡಿಸಿಕೊಂಡು ಟ್ಯಾಬಿನಲ್ಲೂ ನಡೆಯುತ್ತದೆ. ಐಪ್ಯಾಡಿಗೆ ಅದು ಬಂದದ್ದು 2025ರಲ್ಲಿ. ಒಟ್ಟಿನಲ್ಲಿ ನೋಡಲು, ಓದಲು, ಬರೆಯಲು, ಮಕ್ಕಳನ್ನು ಕೂರಿಸಲು ಟ್ಯಾಬ್. ದುಡ್ಡಿನ ಕೆಲಸಕ್ಕೆ ಫೋನ್.

ಇಂಚಿನ ಲೆಕ್ಕ

ಪೆಟ್ಟಿಗೆಯ ಮೇಲಿನ 8.7 ಇಂಚು, 11 ಇಂಚು ಎಂಬುದು ಸ್ಕ್ರೀನಿನ ಅಗಲವೂ ಅಲ್ಲ, ಎತ್ತರವೂ ಅಲ್ಲ. ಒಂದು ಮೂಲೆಯಿಂದ ಎದುರು ಮೂಲೆಗೆ ಓರೆಯಾಗಿ ಹಿಡಿದ ಅಳತೆ. ಅದು ಹೆಚ್ಚಿದರೆ ಅಗಲ, ಎತ್ತರ ಎರಡೂ ಹೆಚ್ಚುವುದರಿಂದ ಇಂಚು ಸ್ವಲ್ಪ ಹೆಚ್ಚಿದರೂ ಜಾಗ ಬಹಳ ಹೆಚ್ಚುತ್ತದೆ. 8.7 ಇಂಚಿನ ಟ್ಯಾಬಿನಲ್ಲಿ ಸುಮಾರು 33 ಚದರ ಇಂಚು ಸ್ಕ್ರೀನ್ ಇದ್ದರೆ 11 ಇಂಚಿನದರಲ್ಲಿ 54 ಇರುತ್ತದೆ. ಇವತ್ತಿನ ಫೋನುಗಳಲ್ಲಿ ಹದಿನಾರರ ಆಸುಪಾಸು. ಅಂದರೆ ಸಣ್ಣ ಟ್ಯಾಬ್ ಕೂಡ ಎರಡು ಫೋನ್ ಪಕ್ಕಪಕ್ಕ ಇಟ್ಟಷ್ಟಾಯಿತು.

ಕನ್ನಡ ಪುಸ್ತಕ ಓದುವವರಿಗೆ ಇನ್ನೊಂದು ಅಳತೆಯಿದೆ. ನಮ್ಮ ಕಾದಂಬರಿಗಳು ಸಾಮಾನ್ಯವಾಗಿ ಅಚ್ಚಾಗುವ ಡೆಮಿ 1/8 ಆಕಾರವೆಂದರೆ ಹೆಚ್ಚುಕಡಿಮೆ ಐದೂವರೆ ಇಂಚು ಅಗಲ, ಎಂಟೂವರೆ ಇಂಚು ಎತ್ತರ. 11 ಇಂಚಿನ ಟ್ಯಾಬನ್ನು ನಿಲ್ಲಿಸಿ ಹಿಡಿದರೆ ಆ ಪುಟ ಇದ್ದ ಗಾತ್ರದಲ್ಲೇ ಕೂರುತ್ತದೆ. 8.7 ಇಂಚಿನದರಲ್ಲಿ ಅದೇ ಪುಟ ಸುಮಾರು ಐದನೇ ಒಂದು ಪಾಲು ಕುಗ್ಗುತ್ತದೆ. ಹೊಸ ಇ-ಪುಸ್ತಕಗಳಲ್ಲಿ ಅಕ್ಷರ ದೊಡ್ಡದು ಮಾಡಿಕೊಳ್ಳಬಹುದು, ತೊಂದರೆಯಿಲ್ಲ. ಆದರೆ ಸ್ಕ್ಯಾನ್ ಮಾಡಿದ ಹಳೇ ಪುಸ್ತಕದ ಪಿಡಿಎಫ್‌ನಲ್ಲಿ ಅಕ್ಷರ ಹಿಗ್ಗಿಸಿದರೆ ಪುಟದ ಅಂಚು ಹೊರಗೆ ಹೋಗುತ್ತದೆ, ಹಿಗ್ಗಿಸದಿದ್ದರೆ ಒತ್ತಕ್ಷರ ಕಾಣದೆ ಕಣ್ಣು ಕಿರಿದಾಗುತ್ತದೆ. ಅಪ್ಪನಿಗೆಂದು ಕೊಳ್ಳುವುದಾದರೆ ನಾನಂತೂ 11 ಇಂಚು ಎನ್ನುತ್ತೇನೆ.

ಆಕಾರವನ್ನೂ ನೋಡಬೇಕು. ಆಂಡ್ರಾಯ್ಡ್ ಟ್ಯಾಬುಗಳು ಹೆಚ್ಚಾಗಿ ಉದ್ದುದ್ದ, ಐಪ್ಯಾಡುಗಳು ಚೌಕದ ಕಡೆ ವಾಲಿದವು. ಸಿನಿಮಾ ಉದ್ದನೆಯ ಚಿತ್ರವಾದ್ದರಿಂದ ಚೌಕದಂಥ ಸ್ಕ್ರೀನಿನಲ್ಲಿ ಮೇಲೆ ಕೆಳಗೆ ದಪ್ಪ ಕಪ್ಪು ಪಟ್ಟಿ ಬರುತ್ತದೆ. ಓದಲು, ಬರೆಯಲು ಚೌಕವೇ ಹಾಯಾಗಿರುತ್ತದೆ.

ತೂಕವನ್ನು ಅಂಗಡಿಯಲ್ಲಿ ಯಾರೂ ಕೇಳುವುದಿಲ್ಲ. ಐಪ್ಯಾಡ್ ಮಿನಿ 300 ಗ್ರಾಮಿಗೂ ಕಡಿಮೆ. ಸ್ಯಾಮ್‌ಸಂಗ್ ಟ್ಯಾಬ್ ಎ9 ಪ್ಲಸ್‌ನಂಥ 11 ಇಂಚಿನದು ಅರ್ಧ ಕಿಲೋ ಹತ್ತಿರ, ದಪ್ಪ ಕವರ್ ಹಾಕಿದರೆ ಇನ್ನೂ ಹೆಚ್ಚು. ಸ್ಲೀಪರ್‌ನ ಮೇಲಿನ ಬರ್ತಿನಲ್ಲಿ ಮಲಗಿ ಮುಖದ ಮೇಲೆ ಹಿಡಿದುಕೊಂಡು ನೋಡುವವರು ಇದನ್ನು ನೆನಪಿಡುವುದು ಮೂಗಿಗೆ ಒಳ್ಳೆಯದು.

ಸಿಮ್ ಬೇಕೆ, ವೈಫೈ ಸಾಕೆ?

ಒಂದೇ ಟ್ಯಾಬ್ ಎರಡು ಬಗೆಯಲ್ಲಿ ಬರುತ್ತದೆ: ವೈಫೈ ಮಾತ್ರ ಇರುವುದು, ಸಿಮ್ ಹಾಕಬಹುದಾದದ್ದು. ಎರಡನೆಯದಕ್ಕೆ ಬೆಲೆ ಜಾಸ್ತಿ. "ಪ್ರಯಾಣ ತಾನೆ, ಸಿಮ್ ಇರೋದೇ ತಗೊಳ್ಳಿ" ಎಂದು ಅಂಗಡಿಯವರು ಹೇಳುವುದುಂಟು. ಆದರೆ ಘಾಟಿಯಲ್ಲಿ ಸಿಗ್ನಲ್ ಹೋಗುವುದು ಟವರ್ ಇಲ್ಲದ್ದರಿಂದ. ಟವರ್ ಇಲ್ಲದ ಕಡೆ ಸಿಮ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಟವರ್ ಇರುವ ಕಡೆ ಜೇಬಿನ ಫೋನಿನಿಂದಲೇ ಹಾಟ್‌ಸ್ಪಾಟ್ ಕೊಡಬಹುದು. ಅಂದರೆ ಫೋನ್ ತನ್ನ ಇಂಟರ್ನೆಟ್ಟನ್ನು ಪುಟ್ಟ ವೈಫೈ ಆಗಿ ಹಂಚುತ್ತದೆ. ಇದರಿಂದ ಫೋನ್ ಬಿಸಿಯಾಗುತ್ತದೆ, ಅದರ ಬ್ಯಾಟರಿ ಬೇಗ ಇಳಿಯುತ್ತದೆ. ಗಂಟೆ ಎರಡು ಗಂಟೆಗೆ ನಡೆಯುತ್ತದೆ, ದಿನವಿಡೀ ಆಗುವುದಿಲ್ಲ. ಟ್ಯಾಬನ್ನೇ ಹಿಡಿದು ಊರೂರು ತಿರುಗಿ ಕೆಲಸ ಮಾಡುವವರಿಗೆ, ಫೋನ್ ಜೊತೆಗಿಲ್ಲದ ಮಕ್ಕಳು ಅಥವಾ ಹಿರಿಯರ ಕೈಗೆ ಕೊಡುವುದಾದರೆ, ಸಿಮ್ ಇರುವುದಕ್ಕೆ ಕೊಟ್ಟ ಹಣ ದಂಡವಲ್ಲ.

ಈಚಿನ ಐಪ್ಯಾಡುಗಳಲ್ಲಿ ಸಿಮ್ ತೂರಿಸುವ ತಟ್ಟೆಯೇ ಇಲ್ಲ, ಇ-ಸಿಮ್ ಮಾತ್ರ. ಇ-ಸಿಮ್ ಎಂದರೆ ಒಳಗೇ ಕೂತಿರುವ ಚಿಪ್ಪಿಗೆ ಕಂಪನಿಯವರು ದೂರದಿಂದಲೇ ನಂಬರ್ ತುಂಬುವುದು. ದುಬೈಗೋ ಸಿಂಗಾಪುರಕ್ಕೋ ಹೋಗುವವರು ಇಲ್ಲಿಂದ ಹೊರಡುವ ಮೊದಲೇ ಅಲ್ಲಿನ ಡೇಟಾ ಪ್ಯಾಕ್ ತುಂಬಿಕೊಂಡು ಇಳಿಯಬಹುದು. ಆದರೆ ಮನೆಯಲ್ಲಿ ಬಿದ್ದಿರುವ ಹಳೇ ಸಿಮ್ ಅದಕ್ಕೆ ಹಾಕಲು ಬರುವುದಿಲ್ಲ.

ನೀಲಿ ಚುಕ್ಕೆ ಎಲ್ಲಿ ಹೋಯಿತು?

ಸಿಮ್ಮಿನ ಜೊತೆ ಸದ್ದಿಲ್ಲದೆ ಬರುವ ಇನ್ನೊಂದು ವಸ್ತು ಜಿಪಿಎಸ್. ಇದಕ್ಕೆ ಇಂಟರ್ನೆಟ್ ಬೇಕು ಎಂದು ಬಹಳ ಜನ ತಿಳಿದಿದ್ದಾರೆ. ಬೇಡ. ಆಕಾಶದಲ್ಲಿರುವ ಉಪಗ್ರಹಗಳು ತಮ್ಮ ಗಡಿಯಾರದ ಸಮಯವನ್ನು ಎಡೆಬಿಡದೆ ಕೂಗಿ ಹೇಳುತ್ತಿರುತ್ತವೆ. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಸಿ ಸಿಡಿಲು ಎಷ್ಟು ದೂರ ಎಂದು ಅಂದಾಜು ಮಾಡುತ್ತೇವಲ್ಲ, ಹಾಗೆ ಟ್ಯಾಬಿನೊಳಗಿನ ಚಿಪ್ ಆ ಕೂಗು ಎಷ್ಟು ತಡವಾಗಿ ಮುಟ್ಟಿತು ಎಂದು ಲೆಕ್ಕ ಹಾಕುತ್ತದೆ. ನಾಲ್ಕು ಉಪಗ್ರಹದ ಲೆಕ್ಕ ಕೂಡಿದರೆ ನಾವೆಲ್ಲಿದ್ದೇವೆ ಎಂಬುದು ಸಿಗುತ್ತದೆ. ಟ್ಯಾಬ್ ಕೇಳಿಸಿಕೊಂಡರೆ ಸಾಕು, ತಿರುಗಿ ಏನನ್ನೂ ಕಳಿಸಬೇಕಿಲ್ಲ.

ಆದರೆ ಆ ಚಿಪ್ ಇರಬೇಕು. ವೈಫೈ ಮಾತ್ರ ಇರುವ ಐಪ್ಯಾಡುಗಳಲ್ಲಿ ಅದಿಲ್ಲ. ಆಂಡ್ರಾಯ್ಡ್‌ನ ವೈಫೈ ಟ್ಯಾಬುಗಳಲ್ಲಿ ಹಲವಕ್ಕೆ ಇದೆ, ಕೆಲವಕ್ಕೆ ಇಲ್ಲ. ಚಿಪ್ ಇಲ್ಲದ ಟ್ಯಾಬ್ ಸುತ್ತಲಿನ ವೈಫೈಗಳನ್ನು ಮೂಸಿ ಜಾಗ ಊಹಿಸುತ್ತದೆ. ಬಸವನಗುಡಿಯಲ್ಲಿ ಅದು ನಡೆದೀತು. ಚಾರ್ಮಾಡಿಯಲ್ಲಿ ಮೂಸಲು ವೈಫೈ ಎಲ್ಲಿದೆ? ಮ್ಯಾಪಿನ ನೀಲಿ ಚುಕ್ಕೆ ಕೊಟ್ಟಿಗೆಹಾರದಲ್ಲೇ ಕೂತುಬಿಡುತ್ತದೆ. ಕಾರಿನಲ್ಲಿ ದಾರಿ ನೋಡಲು ಟ್ಯಾಬ್ ಬಳಸುವ ಇರಾದೆ ಇದ್ದರೆ ಪೆಟ್ಟಿಗೆಯ ವಿವರದಲ್ಲಿ ಜಿಪಿಎಸ್ ಎಂಬ ಪದ ಹುಡುಕಿ. ಗೂಗಲ್ ಮ್ಯಾಪಿನಲ್ಲಿ ಹೋಗುವ ಕಡೆಯ ನಕ್ಷೆಯನ್ನು ಮನೆಯ ವೈಫೈಯಲ್ಲೇ ಇಳಿಸಿಕೊಳ್ಳಿ. ಜಿಪಿಎಸ್ ಹೇಳುವುದು ಬರೀ ನೀವಿರುವ ಜಾಗ. ಸುತ್ತಲಿನ ರಸ್ತೆಗಳ ಚಿತ್ರ ಇಂಟರ್ನೆಟ್ಟಿನಿಂದಲೇ ಬರಬೇಕು.

ಬ್ಯಾಟರಿ: ಕೊಡ ಎಷ್ಟು, ನೀರು ಎಷ್ಟು?

ಬ್ಯಾಟರಿಯನ್ನು ಎಂಎಎಚ್ ಲೆಕ್ಕದಲ್ಲಿ ಮಾರುತ್ತಾರೆ. ಇದು "ಎಷ್ಟು ಕೊಡ ನೀರು" ಎಂದ ಹಾಗೆ. ಕೊಡದ ಗಾತ್ರ ಗೊತ್ತಿಲ್ಲದೆ ನೀರೆಷ್ಟು ಎಂದು ತಿಳಿಯದು. ಆ ಗಾತ್ರವೇ ವೋಲ್ಟ್. ಎರಡನ್ನೂ ಗುಣಿಸಿ ಸಾವಿರದಿಂದ ಭಾಗಿಸಿದರೆ ಸಿಗುವ ವ್ಯಾಟ್-ಅವರ್ ಎಂಬುದೇ ನಿಜವಾದ ನೀರು.

ಟ್ಯಾಬ್ ಎ9 ಪ್ಲಸ್‌ನ ಬ್ಯಾಟರಿ 7,040 ಎಂಎಎಚ್. ಇಂಥ ಬ್ಯಾಟರಿಗೆ ವೋಲ್ಟ್ ನಾಲ್ಕಕ್ಕೆ ತುಸು ಕಡಿಮೆ. ಗುಣಿಸಿದರೆ ಸುಮಾರು 27 ವ್ಯಾಟ್-ಅವರ್. ಸಾಧಾರಣ ಬೆಳಕಿನಲ್ಲಿ ಇಳಿಸಿಟ್ಟ ವಿಡಿಯೋ ನೋಡುವಾಗ ಇಂಥ ಟ್ಯಾಬ್ ಗಂಟೆಗೆ ಸುಮಾರು ಮೂರು ವ್ಯಾಟ್-ಅವರ್ ಕುಡಿಯುತ್ತದೆ ಎಂದಿಟ್ಟುಕೊಳ್ಳಿ. ಒಂಬತ್ತು ಗಂಟೆ ಬಂತು. ಬಿಸಿಲಿನಲ್ಲಿ ಬ್ರೈಟ್‌ನೆಸ್ ಪೂರ್ತಿ ಏರಿಸಿದರೆ, ಜೊತೆಗೆ ಸಿಗ್ನಲ್ ಹುಡುಕಾಟವೂ ಸೇರಿದರೆ, ಕುಡಿಯುವುದು ಇಮ್ಮಡಿಯಾದರೂ ಆಶ್ಚರ್ಯವಿಲ್ಲ. ಪೆಟ್ಟಿಗೆಯ ಮೇಲಿನ "10 ಗಂಟೆ" ದಾರಿಯಲ್ಲಿ ಐದಾರು ಗಂಟೆಯಾಗುವುದು ಹೀಗೆ.

ಈಗ ಪವರ್ ಬ್ಯಾಂಕ್. "10,000 ಎಂಎಎಚ್ ಇದೆ, ನನ್ನ ಟ್ಯಾಬ್ 7,000, ಹಾಗಾದರೆ ಒಂದೂವರೆ ಸಲ ತುಂಬುತ್ತೆ" ಎಂದು ಲೆಕ್ಕ ಹಾಕಿದವರಲ್ಲಿ ನಾನೂ ಒಬ್ಬ. ನಿಮ್ಮ ಪವರ್ ಬ್ಯಾಂಕ್ ತಿರುಗಿಸಿ, ಹಿಂದೆ ಇರುವೆ ಸಾಲಿನಂಥ ಅಕ್ಷರ ಓದಿ. ದೊಡ್ಡದಾಗಿ 10,000 ಎಂದಿದ್ದರೆ ಅದರ ಕೆಳಗೆ "ರೇಟೆಡ್ ಕೆಪಾಸಿಟಿ" ಎಂದು ಆರು ಸಾವಿರದ ಆಸುಪಾಸಿನ ಒಂದು ಸಂಖ್ಯೆ ಇರುತ್ತದೆ. ಒಳಗಿನ 3.7 ವೋಲ್ಟನ್ನು ಹೊರಗೆ ಕೊಡಬೇಕಾದ 5 ವೋಲ್ಟಿಗೆ ಏರಿಸಿದಾಗ ಕೊಡ ದೊಡ್ಡದಾಗಿ ಕೊಡಗಳ ಸಂಖ್ಯೆ ಇಳಿಯುತ್ತದೆ. ಮೇಲಿಂದ ಒಂದಿಷ್ಟು ಬಿಸಿಯಾಗಿ ಸೋರುತ್ತದೆ. ಒಳಗಿದ್ದ 37 ವ್ಯಾಟ್-ಅವರ್‌ನಲ್ಲಿ ಟ್ಯಾಬಿನ ಹೊಟ್ಟೆ ಸೇರುವುದು ಸುಮಾರು ಮೂರನೇ ಎರಡು ಪಾಲು, 25ರ ಹತ್ತಿರ. ಅಂದರೆ ಒಂದು ಸಲವೂ ಪೂರ್ತಿ ತುಂಬಲಿಲ್ಲ! ರಾತ್ರಿ ಹಗಲು ರೈಲಿನಲ್ಲಿ ಕಳೆಯುವವರಿಗೆ 20,000 ಬೇಕಾಗುವುದು ಇದಕ್ಕೇ.

ವಿಮಾನದ ನಿಯಮವೂ ವ್ಯಾಟ್-ಅವರ್ ಲೆಕ್ಕದಲ್ಲೇ ಇದೆ. 100ರವರೆಗೆ ಕೇಳದೆ ಒಯ್ಯಬಹುದು, 100ರಿಂದ 160ಕ್ಕೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು, ಅದರ ಮೇಲೆ ಇಲ್ಲ. 20,000 ಎಂಎಎಚ್ ಎಂದರೆ 74 ವ್ಯಾಟ್-ಅವರ್, ನಿಶ್ಚಿಂತೆ. ಆದರೆ ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ಚೆಕ್-ಇನ್ ಸೂಟ್‌ಕೇಸಿನಲ್ಲಿ ಹಾಕುವಂತಿಲ್ಲ. ಬ್ಯಾಟರಿಗೆ ಬೆಂಕಿ ಹತ್ತಿದರೆ ಸಿಬ್ಬಂದಿಯ ಕೈಗೆ ಸಿಗುವ ಕಡೆ ಹತ್ತಲಿ ಎಂಬ ವಿಚಾರ.

ರೈಲಿನ ಪ್ಲಗ್, ಬಸ್ಸಿನ ಯುಎಸ್‌ಬಿ

ಚಾರ್ಜರನ್ನು ಕೈಗೆತ್ತಿಕೊಂಡು ಅದರ ಹೊಟ್ಟೆಯ ಮೇಲಿನ ಬರಹ ನೋಡಿ. "ಇನ್‌ಪುಟ್ 100-240" ಎಂದಿರಬೇಕು. ನಮ್ಮ ಮನೆಯ ಕರೆಂಟು 230 ವೋಲ್ಟ್, ಆದರೆ ನಮ್ಮ ಹಲವು ರೈಲು ಬೋಗಿಗಳ ಚಾರ್ಜಿಂಗ್ ಪಾಯಿಂಟಿನಲ್ಲಿ ಬರುವುದು 110 ವೋಲ್ಟ್. ಅಮೆರಿಕದ ಮನೆಗಳಲ್ಲಿ 120. ಮೇಲಿನ ಬರಹವಿರುವ ಚಾರ್ಜರ್ ಮೂರೂ ಕಡೆ ತಾನೇ ಹೊಂದಿಕೊಳ್ಳುತ್ತದೆ. ಅಮೆರಿಕಕ್ಕೆ ಚಪ್ಪಟೆ ಕಡ್ಡಿಯ ಅಡಾಪ್ಟರ್, ದುಬೈ, ಲಂಡನ್‌ಗೆ ಚೌಕ ಕಡ್ಡಿಯದು ಸಿಕ್ಕಿಸಿಕೊಂಡರೆ ಆಯಿತು.

ರೈಲಿನ ಪ್ಲಗ್ಗಿಗೆ ಎರಡು ಕೊರತೆ. ಒಂದು, ಬಳಸಿ ಬಳಸಿ ಸಡಿಲವಾಗಿರುತ್ತದೆ. ಭಾರದ ಚಾರ್ಜರ್ ಹಳಿಯ ಕುಲುಕಿಗೆ ಜಾರಿ ಕೆಳಗೆ ಬೀಳುತ್ತದೆ, ಬೆಳಿಗ್ಗೆ ಎದ್ದು ನೋಡಿದರೆ ಚಾರ್ಜ್ ಆಗಿರುವುದಿಲ್ಲ. ಇನ್ನೊಂದು, ಬೆಂಕಿಯ ಮುಂಜಾಗ್ರತೆಗೆಂದು ರಾತ್ರಿ 11ರಿಂದ ಬೆಳಗಿನ 5ರವರೆಗೆ ಈ ಪಾಯಿಂಟ್‌ಗಳ ಕರೆಂಟ್ ನಿಲ್ಲಿಸಬೇಕೆಂಬ ಸೂಚನೆ ರೈಲ್ವೆಯಲ್ಲಿದೆ. ಹಾಗಾಗಿ ತುಂಬಿಕೊಳ್ಳುವುದು ಊಟದ ಹೊತ್ತಿಗೇ.

ಬಸ್ಸಿನ ಸೀಟಿನ ಪಕ್ಕದ ಯುಎಸ್‌ಬಿ ತೂತು ಇನ್ನೂ ಬಡವ. ಹಲವು ಕಡೆ 5 ವೋಲ್ಟ್, 1 ಆಂಪಿಯರ್, ಅಂದರೆ 5 ವ್ಯಾಟ್ ಅಷ್ಟೇ. ಟ್ಯಾಬ್ ಆರಿಸಿಟ್ಟು ಚಾರ್ಜಿಗೆ ಹಾಕಿದರೂ 27 ವ್ಯಾಟ್-ಅವರ್ ತುಂಬಲು ಆರು ಗಂಟೆ ಬೇಕು. ಸಿನಿಮಾ ನೋಡುತ್ತ ಹಾಕಿದರೆ ಅದು ತೂತಿರುವ ಹಂಡೆಗೆ ನೀರು ಹೊಯ್ದ ಹಾಗೆ, ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. "ಟ್ಯಾಬ್ ಕೆಟ್ಟಿದೆ, ಚಾರ್ಜ್ ಏರ್ತಾನೇ ಇಲ್ಲ" ಎಂಬ ದೂರುಗಳಲ್ಲಿ ಎಷ್ಟೋ ಈ ತೂತಿನವು.

ಇಳಿಸಿಟ್ಟ ಸಿನಿಮಾ ಮತ್ತು ಎಲ್1 ಬೀಗ

ಕೆಲವು ವರ್ಷದ ಹಿಂದೆ ಅಗ್ಗಕ್ಕೆ ಸಿಕ್ಕಿತೆಂದು ಒಂದು ಟ್ಯಾಬ್ ಕೊಂಡೆ. ಪೆಟ್ಟಿಗೆಯ ಮೇಲೆ "ಫುಲ್ ಎಚ್‌ಡಿ" ಎಂದು ಬಂಗಾರದ ಅಕ್ಷರ. ಮನೆಗೆ ತಂದು ಸಿನಿಮಾ ಹಾಕಿದರೆ ಮಂಜು ಕವಿದ ಹಾಗೆ. ನಾನೇ ಕ್ಯಾಮೆರಾದಲ್ಲಿ ತೆಗೆದ ವಿಡಿಯೋ ಮಾತ್ರ ಸ್ಫಟಿಕದ ಹಾಗೆ ಕಾಣುತ್ತಿತ್ತು. ಕನ್ನಡಕ ಒರೆಸಿದೆ, ಸ್ಕ್ರೀನ್ ಒರೆಸಿದೆ. ಕಾರಣ ಬೇರೆಯೇ ಇತ್ತು.

ನೆಟ್‌ಫ್ಲಿಕ್ಸ್, ಪ್ರೈಮ್‌ನಂಥವು ಸಿನಿಮಾವನ್ನು ಬೀಗ ಹಾಕಿ ಕಳಿಸುತ್ತವೆ. ಆಂಡ್ರಾಯ್ಡ್‌ನಲ್ಲಿ ಆ ಬೀಗದ ಹೆಸರು ವೈಡ್‌ವೈನ್, ಗೂಗಲ್‌ನದು. ಅದನ್ನು ಚಿಪ್ಪಿನೊಳಗಿನ ತಿಜೋರಿಯಲ್ಲೇ ತೆಗೆಯುವ ಸಾಧನಕ್ಕೆ ಎಲ್1 ಎನ್ನುತ್ತಾರೆ, ಬರೀ ಸಾಫ್ಟ್‌ವೇರಿನಲ್ಲಿ ತೆಗೆಯುವುದಕ್ಕೆ ಎಲ್3. ಸಾಫ್ಟ್‌ವೇರಿನಲ್ಲಿ ಕಳ್ಳತನ ಸುಲಭವೆಂದು ಎಲ್3 ಇರುವ ಕಡೆಗೆ ಕಡಿಮೆ ಗುಣಮಟ್ಟದ ಪ್ರತಿಯನ್ನೇ ಕೊಡುತ್ತಾರೆ. ಸ್ಕ್ರೀನ್ ಎಷ್ಟೇ ಚೆನ್ನಾಗಿರಲಿ, ಬಂದದ್ದೇ ಮಸುಕು ಚಿತ್ರ. ನೆಟ್‌ಫ್ಲಿಕ್ಸ್ ಆ್ಯಪಿನ ಸೆಟ್ಟಿಂಗಿನಲ್ಲಿ "ಪ್ಲೇಬ್ಯಾಕ್ ಸ್ಪೆಸಿಫಿಕೇಶನ್" ಒತ್ತಿದರೆ ಎಲ್1 ಇದೆಯೇ ಎಂದು ಕಾಣುತ್ತದೆ. ಐಪ್ಯಾಡಿನಲ್ಲಿ ಈ ತಕರಾರಿಲ್ಲ; ಅಲ್ಲಿ ಆ್ಯಪಲ್‌ನದೇ ಬೀಗ.

ಜಾಗದ ವಿಚಾರ ಚುಟುಕಾಗಿ: 64 ಜಿಬಿ ಎಂದರೆ ಪೂರ್ತಿ ನಿಮ್ಮದಲ್ಲ, ಸಿಸ್ಟಂ ತನ್ನ ಪಾಲು ಮೊದಲೇ ತೆಗೆದುಕೊಂಡಿರುತ್ತದೆ. ಒಂದು ಸಿನಿಮಾಕ್ಕೆ ಒಂದು ಜಿಬಿ ಎಂದು ಇಟ್ಟುಕೊಂಡರೆ ಸಂಸಾರಕ್ಕೆ ಸಾಕು. ಮೆಮೊರಿ ಕಾರ್ಡ್ ಹಾಕಲು ಬಂದರೆ ಇನ್ನೂ ಒಳ್ಳೆಯದು, ಐಪ್ಯಾಡುಗಳಲ್ಲಿ ಅದಿಲ್ಲ. "4+4=8 ಜಿಬಿ ರ‍್ಯಾಮ್" ಎಂಬ ಜಾಹೀರಾತು ಕಂಡರೆ (ರ‍್ಯಾಮ್ ಎಂದರೆ ಆ್ಯಪ್ ನಡೆಯುವ ಹೊತ್ತಿಗೆ ಬೇಕಾಗುವ ವೇಗದ ಜಾಗ) ಅದು ನಾಲ್ಕೇ; ಇನ್ನೊಂದು ನಾಲ್ಕು ಸ್ಟೋರೇಜಿನಿಂದ ಕಡ ತಂದದ್ದು, ನಿಧಾನ.

ಇಳಿಸಿಟ್ಟದ್ದಕ್ಕೂ ಆಯುಸ್ಸಿದೆ. ಯೂಟ್ಯೂಬಿನಲ್ಲಿ ಇಳಿಸಿದ ಕೆಲವು ವಿಡಿಯೋ ಇಂಟರ್ನೆಟ್ ಇಲ್ಲದೆ ನಡೆಯುವುದು 48 ಗಂಟೆ ಮಾತ್ರ. ನೆಟ್‌ಫ್ಲಿಕ್ಸಿನ ಕೆಲವು ಚಿತ್ರಗಳನ್ನು ಒಮ್ಮೆ ಶುರುಮಾಡಿದರೆ 48 ಗಂಟೆಯೊಳಗೆ ಮುಗಿಸಬೇಕು. ಆದ್ದರಿಂದ ಹೊರಡುವ ವಾರ ಮೊದಲೇ ಇಳಿಸಿಕೊಂಡು ಕೂರಬೇಡಿ.

ಬಿಸಿಲು, ಮಳೆ, ಘಾಟಿಯ ತಿರುವು

ಸ್ಕ್ರೀನಿನ ಬೆಳಕನ್ನು ನಿಟ್ಸ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಅಗ್ಗದ ಟ್ಯಾಬುಗಳು 400ರ ಆಸುಪಾಸು. ಮನೆಯೊಳಗೆ ಧಾರಾಳ, ಗೋಕರ್ಣದ ಮರಳಿನಲ್ಲಿ ಕನ್ನಡಿ. ನಿಮ್ಮ ಮುಖ ಕಾಣುತ್ತದೆ, ಚಿತ್ರ ಕಾಣುವುದಿಲ್ಲ. ಹೊರಗೆ ಬಳಸುವವರು 600 ದಾಟಿದ್ದು ನೋಡಬೇಕು, ಇಲ್ಲವೆ ಹೊಳಪಿಲ್ಲದ ಮ್ಯಾಟ್ ಹಾಳೆ ಅಂಟಿಸಬೇಕು.

ನೀರು ತಡೆಯುವ ಟ್ಯಾಬ್ ಕಡಿಮೆ. ಸ್ಯಾಮ್‌ಸಂಗ್‌ನ ಎಸ್9 ಸಾಲಿನಂಥ ದುಬಾರಿಯವಕ್ಕೆ ಐಪಿ68 ಎಂಬ ಗುರುತಿದೆ. ಉಳಿದವಕ್ಕೆ ಮಡಿಕೇರಿಯ ಜುಲೈನಲ್ಲಿ ಜಿಪ್ ಇರುವ ಪ್ಲಾಸ್ಟಿಕ್ ಚೀಲವೇ ಗತಿ.

ಘಾಟಿ ರಸ್ತೆಯಲ್ಲಿ ಮಗುವಿನ ಕೈಗೆ ಟ್ಯಾಬ್ ಕೊಡುವ ಮೊದಲು ಯೋಚಿಸಿ. ಕಿವಿಯೊಳಗಿನ ಸಮತೋಲದ ಅಂಗ "ತಿರುಗುತ್ತಿದ್ದೇವೆ" ಎನ್ನುತ್ತದೆ, ಸ್ಕ್ರೀನಿಗೆ ನೆಟ್ಟ ಕಣ್ಣು "ಇಲ್ಲ, ಸುಮ್ಮನೆ ಕೂತಿದ್ದೇವೆ" ಎನ್ನುತ್ತದೆ. ಈ ಜಗಳದಲ್ಲಿ ಬಡವಾಗುವುದು ಹೊಟ್ಟೆ. ಎಷ್ಟೇ ಬೆಲೆಯ ಟ್ಯಾಬಾದರೂ ಇದಕ್ಕೆ ಪರಿಹಾರವಿಲ್ಲ.

ಅಂಗಡಿಯಲ್ಲಿ ಹತ್ತು ನಿಮಿಷ

ಇಟ್ಟಿರುವ ಡೆಮೊ ಟ್ಯಾಬನ್ನು ಒಂದೇ ಕೈಯಲ್ಲಿ ಎರಡು ನಿಮಿಷ ಹಿಡಿದು ನಿಲ್ಲಿ. ಬಾಗಿಲ ಹತ್ತಿರ ಒಯ್ದು ಬೆಳಕಿಗೆ ಒಡ್ಡಲು ಬಿಡುತ್ತಾರೆಯೇ ಕೇಳಿ. ಹೆಡ್‌ಫೋನಿನ ದುಂಡು ತೂತು ಇದೆಯೇ ನೋಡಿ. ಇಲ್ಲದಿದ್ದರೆ ಬ್ಲೂಟೂತಿನದು ಬೇಕು, ಅದಕ್ಕೂ ಚಾರ್ಜ್ ಬೇಕು. (ಹೆಡ್‌ಫೋನ್ ಇಲ್ಲದೆ ಬೋಗಿಗೆಲ್ಲ ಕೇಳಿಸುವವರಿಗೆ: ರಾತ್ರಿ 10ರ ಮೇಲೆ ಜೋರಾಗಿ ಹಾಡು ಹಾಕಬಾರದೆಂದು ರೈಲ್ವೆಯ ನಿಯಮವೇ ಇದೆ.) ಸಾಫ್ಟ್‌ವೇರ್ ಅಪ್‌ಡೇಟ್ ಎಷ್ಟು ವರ್ಷ ಎಂದು ಕೇಳಿ. ಹಳೇ ಮಾಡೆಲ್ ಅಗ್ಗಕ್ಕೆ ಸಿಕ್ಕಿದರೂ ಅದರ ವರ್ಷಗಳು ಆಗಲೇ ಕಳೆದಿರುತ್ತವೆ.

ಮನೆಗೆ ತಂದ ಮೇಲೆ ಹೊರಡುವ ಹಿಂದಿನ ರಾತ್ರಿ ಒಂದು ತಾಲೀಮು ಮಾಡಿ. ಏರೋಪ್ಲೇನ್ ಮೋಡ್ ಹಾಕಿ, ಚಾರ್ಜರ್ ಕಿತ್ತು, ಇಳಿಸಿಟ್ಟದ್ದನ್ನೆಲ್ಲ ಒಂದೊಂದಾಗಿ ತೆರೆದು ನೋಡಿ. ನಾನು ಹೇಳಿದೆನೆಂದು ಈ ಸಲ ಅತ್ತಿಗೆ ಹಾಗೇ ಮಾಡಿದರು. ಹತ್ತು ಗಂಟೆಗೆ ಫೋನ್ ಬಂತು: "ಆರು ಸಿನಿಮಾದಲ್ಲಿ ನಾಲ್ಕು ತೆರೀತು, ಎರಡು ತೆರೀಲಿಲ್ಲ ಕಣೋ. ತಡಿ, ಮತ್ತೆ ಡೌನ್‌ಲೋಡ್‌ಗೆ ಹಾಕಿ ಚಪಾತಿ ಲಟ್ಟಿಸ್ತೀನಿ."